ತೋಳಿನ ಮೇಲಿನ ಗುರುತು

ನಮ್ಮ ಹಿಂದೂಪುರ, ಕಲ್ಯಾಣದುರ್ಗದ ಕಡೆ ಹಿರಿಯರ ತೋಳಿನಲ್ಲಿ ಸಿಡುಬಿನ ಲಸಿಕೆಯ ಗುರುತು ಇನ್ನೂ ಕಾಣುತ್ತೆ. ನನಗೆ ಅದೂ ಒಂದು ಶಾಸನವೇ. ಸಿಡುಬು ಎದ್ದರೆ ‘ಅಮ್ಮ ಬಂದಿದಾಳೆ’ ಅಂತ ಬೇವಿನ ಸೊಪ್ಪು ಕಟ್ಟುತ್ತಿದ್ದರು.

1796ರಲ್ಲಿ ಇಂಗ್ಲೆಂಡಿನ ಜೆನ್ನರ್ ಹಸುವಿನ ಸಿಡುಬಿನಿಂದ ಲಸಿಕೆ ಹಾಕಿ ತೋರಿಸಿದ. 1802ಕ್ಕೆ ಅದು ಬೊಂಬಾಯಿ ತಲುಪಿತು. ಹಸುವಿನ ಸಿಡುಬು ಸೌಮ್ಯ, ಆದರೆ ನಮ್ಮ ಸಿಡುಬಿನ ಹತ್ತಿರದ ನೆಂಟ. ಅದರೊಡನೆ ಸೆಣಸಿದ ಬಿಳಿ ರಕ್ತಕಣಗಳಲ್ಲಿ ಕೆಲವು ಅದರ ಚಹರೆಯನ್ನು ವರ್ಷಗಟ್ಟಲೆ ಮರೆಯುವುದಿಲ್ಲ. ನಿಜವಾದ ಸಿಡುಬು ಬಂದರೆ ಬೇಗನೆ ಪ್ರತಿಕಾಯ ತಯಾರಿಸಿ ತಡೆಯುತ್ತವೆ.

1975ರಲ್ಲಿ ಭಾರತದಲ್ಲಿ ಸಿಡುಬು ನಿಂತಿತು. 1980ರಲ್ಲಿ ಲೋಕದಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆದರೆ ಮೈಯ ಈ ನೆನಪು ಹೊಲಮನೆಯಂತೆ ಮಕ್ಕಳ ಪಾಲಿಗೆ ಬರೋದಿಲ್ಲ. ದಡಾರ ಇನ್ನೂ ಇದೆ. ಪ್ರತಿ ಮಗುವಿನ ಮೈಗೂ ಹೊಸದಾಗಿ ಪಾಠ ಹೇಳಿಸಲೇಬೇಕು.