ಕೊಂಬೆ ಚಾಚಿದ ಕೋಶದ ಕಥೆ

ಮೇದೋಜೀರಕ ಗ್ರಂಥಿಯ ಪಾಠದಲ್ಲಿ ಲ್ಯಾಂಗರ್‌ಹಾನ್ಸ್ ಎಂಬ ಹೆಸರನ್ನು ನೀವು ಓದಿರುತ್ತೀರಿ. ಇನ್ಸುಲಿನ್ ತಯಾರಾಗುವ ಕಿರುದ್ವೀಪಗಳಿಗೆ ಅವರದೇ ಹೆಸರು. ಅದಕ್ಕೂ ಮೊದಲು, 1868ರಲ್ಲಿ, ಬರ್ಲಿನ್‌ನಲ್ಲಿ ಇನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ ಅವರು ಮನುಷ್ಯನ ಚರ್ಮವನ್ನು ಚಿನ್ನದ ಲವಣದಿಂದ ಬಣ್ಣಗೊಳಿಸಿ, ಕೊಂಬೆ ಚಾಚಿದ ಕೆಲವು ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಆಕಾರ ನೋಡಿ ನರಕೋಶಗಳೆಂದು ಭಾವಿಸಿದರು. ಅವುಗಳ ನಿಜವಾದ ಕೆಲಸ ತಿಳಿಯಲು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ನಮ್ಮ ರೋಗನಿರೋಧಕ ವ್ಯವಸ್ಥೆಯಲ್ಲಿ ಸಹಾಯಕ ಟಿ ಕೋಶಗಳದ್ದು ದೊಡ್ಡ ಪಾತ್ರ. ಪ್ರತಿಕಾಯ ತಯಾರಿಸುವ ಬಿ ಕೋಶಗಳಿಗೂ, ಸೋಂಕಿತ ಕೋಶಗಳನ್ನು ಕೊಲ್ಲುವ ಟಿ ಕೋಶಗಳಿಗೂ ಅವುಗಳ ನೆರವು ಬೇಕು. ಆದರೆ ಅವುಗಳನ್ನು ಎಬ್ಬಿಸುವವರು ಯಾರು? ಈ ಪ್ರಶ್ನೆಯ ಬೆನ್ನು ಹತ್ತಿದವರು ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ರಾಲ್ಫ್ ಸ್ಟೈನ್‌ಮನ್. ಗುರು ಜಾನ್ವಿಲ್ ಕೋನ್ ಅವರೊಂದಿಗೆ ಇಲಿಯ ಗುಲ್ಮದ ಕೋಶಗಳನ್ನು ನೋಡುತ್ತಿದ್ದಾಗ ಕೊಂಬೆ ಚಾಚಿ, ಮಡಚಿ, ಮತ್ತೆ ಚಾಚುವ ಅಪರೂಪದ ಕೋಶವೊಂದು ಕಂಡಿತು. 1973ರಲ್ಲಿ ಅದಕ್ಕೆ ಡೆಂಡ್ರಿಟಿಕ್ ಕೋಶ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಡೆಂಡ್ರಾನ್ ಎಂದರೆ ಮರ.

ಆದರೆ ಜಗತ್ತು ಸುಲಭವಾಗಿ ನಂಬಲಿಲ್ಲ. ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್‌ಗಳೇ ಈ ಕೆಲಸ ಮಾಡುತ್ತವೆ ಎಂಬುದು ಅಂದಿನ ಬಲವಾದ ಅಭಿಪ್ರಾಯ. ಹೊಸ ಕೋಶವೋ ಎಣಿಕೆಗೆ ಸಿಗದಷ್ಟು ಕಡಿಮೆ. 1978ರಲ್ಲಿ, ಟಿ ಕೋಶಗಳನ್ನು ಪ್ರಚೋದಿಸುವುದರಲ್ಲಿ ಅದು ಗುಲ್ಮದ ಇತರ ಕೋಶಗಳಿಗಿಂತ ಕನಿಷ್ಠ 100 ಪಟ್ಟು ಸಮರ್ಥ ಎಂದು ತೋರಿಸಿದ ಮೇಲೂ ಅನುಮಾನ ಉಳಿಯಿತು. ಜಪಾನಿನ ಕಯೊ ಇನಾಬಾ ಮತ್ತು ಸಂಗಡಿಗರು 1992ರಲ್ಲಿ ಇಲಿಯ ಮೂಳೆಮಜ್ಜೆಯಿಂದ ಈ ಕೋಶಗಳನ್ನು ಹೇರಳವಾಗಿ ಬೆಳೆಸುವ ವಿಧಾನ ಕಂಡುಹಿಡಿದ ನಂತರವೇ ಎಲ್ಲ ಕಡೆ ಕೆಲಸ ಚುರುಕಾಯಿತು.

ಇದರ ಕಾರ್ಯವಿಧಾನ ಗಮನಿಸಿ. ಚರ್ಮದಲ್ಲೋ ಶ್ವಾಸಕೋಶದಲ್ಲೋ ರೋಗಾಣುವನ್ನು ಹಿಡಿದ ಡೆಂಡ್ರಿಟಿಕ್ ಕೋಶ ಅದನ್ನು ತುಂಡರಿಸಿ, ದುಗ್ಧಗ್ರಂಥಿಗೆ ಸಾಗಿ, ಆ ತುಣುಕನ್ನು ಟಿ ಕೋಶಕ್ಕೆ ತೋರಿಸುತ್ತದೆ. ಇದು ಮೊದಲ ಸಂಕೇತ. ಇಷ್ಟೇ ಸಾಲದು. ನಿಜವಾದ ಅಪಾಯವಿದ್ದರೆ ಮಾತ್ರ ಅದು ತನ್ನ ಮೈಮೇಲೆ ಬಿ7 ಎಂಬ ಪ್ರೋಟೀನುಗಳನ್ನು ಹೆಚ್ಚಿಸಿ ಎರಡನೆಯ ಸಂಕೇತ ಕೊಡುತ್ತದೆ. ಎರಡನೆಯದು ಇಲ್ಲದೆ ಮೊದಲನೆಯದು ಮಾತ್ರ ಸಿಕ್ಕರೆ ಟಿ ಕೋಶ ಏಳುವುದಿಲ್ಲ. ಬದಲಿಗೆ ನಿಷ್ಕ್ರಿಯವಾಗುತ್ತದೆ ಅಥವಾ ನಾಶವಾಗುತ್ತದೆ. ನಮ್ಮ ದೇಹ ನಮ್ಮನ್ನೇ ತಿನ್ನದಿರಲು ಇದೂ ಒಂದು ಕಾರಣ. ಕೆರಳಿಸುವ ಕೋಶವೇ ತಣಿಸುವ ಕೋಶವೂ ಹೌದು ಎಂಬುದು ನನಗಂತೂ ಈ ಕಥೆಯ ಅತ್ಯಂತ ಸೋಜಿಗದ ಭಾಗ.

ಅಪಾಯ ತಿಳಿಯುವುದು ಹೇಗೆ? ರೋಗಾಣುಗಳ ಸಾಮಾನ್ಯ ಗುರುತುಗಳನ್ನು ಪತ್ತೆಹಚ್ಚುವ ಗ್ರಾಹಕಗಳು ಇರಲೇಬೇಕೆಂದು ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಜೇನ್‌ವೇ 1989ರಲ್ಲಿ ಊಹಿಸಿದರು. ತಾಷ್ಕೆಂಟ್‌ನಲ್ಲಿ ಹುಟ್ಟಿದ ರುಸ್ಲಾನ್ ಮೆಡ್ಜಿಟೊವ್ ಅವರ ಬಳಿ ಸೇರಿ, 1997ರಲ್ಲಿ ಮನುಷ್ಯನಲ್ಲಿ ಅಂಥ ಒಂದು ಟೋಲ್ ಗ್ರಾಹಕವನ್ನು ತೋರಿಸಿದರು.

2007ರಲ್ಲಿ ಸ್ಟೈನ್‌ಮನ್‌ರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇರುವುದು ತಿಳಿಯಿತು. ಇತರ ಚಿಕಿತ್ಸೆಗಳೊಂದಿಗೆ ತಮ್ಮದೇ ಡೆಂಡ್ರಿಟಿಕ್ ಕೋಶಗಳಿಂದ ಸಿದ್ಧಪಡಿಸಿದ ಲಸಿಕೆಗಳನ್ನೂ ಪಡೆದು ನಾಲ್ಕು ವರ್ಷಕ್ಕೂ ಹೆಚ್ಚು ಬದುಕಿದರು. ಲಸಿಕೆಯಿಂದಲೇ ಬದುಕಿದರೆಂದು ಒಬ್ಬ ರೋಗಿಯ ಉದಾಹರಣೆಯಿಂದ ಹೇಳಲಾಗದು. 2011ರ ಸೆಪ್ಟೆಂಬರ್ 30ರಂದು ಅವರು ತೀರಿಕೊಂಡರು. ಇದನ್ನು ತಿಳಿಯದ ನೊಬೆಲ್ ಸಮಿತಿ ಅಕ್ಟೋಬರ್ 3ರಂದು ಅವರ ಹೆಸರನ್ನು ಪ್ರಕಟಿಸಿತು. ಮೃತರಿಗೆ ಪ್ರಶಸ್ತಿ ನೀಡಬಾರದೆಂಬ ನಿಯಮವಿದ್ದರೂ, ಅವರು ಬದುಕಿದ್ದಾರೆಂಬ ನಂಬಿಕೆಯಿಂದಲೇ ಆಯ್ಕೆ ನಡೆದದ್ದರಿಂದ ಅದನ್ನು ಬದಲಿಸದಿರಲು ಅದೇ ದಿನ ತೀರ್ಮಾನವಾಯಿತು.