ಕೋಲು, ಕಾಳಿ ಮತ್ತು ನಾನು

ನಮ್ಮ ಮನೆಗೆ ನಾಯಿಮರಿ ಬಂದದ್ದು ನಾನಾಗಿ ಬಯಸಿ ಅಲ್ಲ. ಒಂದು ಶನಿವಾರ ಬೆಳಗಿನ ಶಾಲೆ ಮುಗಿದು, ಹಾಜರಿ ಪುಸ್ತಕಗಳನ್ನು ಬೀರುವಿನಲ್ಲಿ ಇಡುತ್ತಿದ್ದೆ. ಆರನೆಯ ತರಗತಿಯ ಇಬ್ಬರು ಹುಡುಗಿಯರು ಬಾಗಿಲಲ್ಲಿ ಬಂದು ನಿಂತರು. ಒಬ್ಬಳ ಪುಸ್ತಕದ ಚೀಲ ತಾನಾಗಿಯೇ ಅಲುಗಾಡುತ್ತಿತ್ತು.

"ಬಿಸಿಯೂಟದ ಅಡುಗೆಮನೆ ಹಿಂದೆ ಇತ್ತು ಮಿಸ್. ಇದರಮ್ಮ ಲಾರಿಗೆ ಸಿಕ್ಕಿಬಿಡ್ತು. ನಮ್ಮನೇಲಿ ಬೇಡ ಅಂತಾರೆ."

ಚೀಲದಿಂದ ಇಣುಕಿದ್ದು ಅಂಗೈಯಷ್ಟಗಲದ ಒಂದು ಕಪ್ಪು ಮುಖ. ಅಪ್ಪಟ ಬೀದಿಯ ಹೆಣ್ಣುಮರಿ. ಒಂದೂವರೆ ತಿಂಗಳದ್ದು ಇದ್ದೀತು. "ಸೋಮವಾರದವರೆಗೆ ಇಟ್ಟುಕೊಂಡಿರ್ತೀನಿ, ಅಷ್ಟರಲ್ಲಿ ಯಾರಾದರೂ ಸಿಕ್ತಾರೇನೋ ನೋಡೋಣ" ಎಂದೆ. ಆ ಸೋಮವಾರ ಇನ್ನೂ ಬಂದಿಲ್ಲ.

ಮನೆಯಲ್ಲಿ ಮೊದಲ ಗಲಾಟೆ ಎದ್ದದ್ದು ಹೆಸರಿನ ಮೇಲೆ. ಮರಿಯ ಬಣ್ಣ ನೋಡಿದೊಡನೆ ನನ್ನ ಬಾಯಿಗೆ ಬಂದದ್ದು ಕಾಳಿ ಎಂಬ ಹೆಸರು. ದೇವರ ಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದ ನಮ್ಮ ಅತ್ತೆಗೆ ಅದು ಕೇಳಿಸಿತು.

"ದೇವಿ ಹೆಸರನ್ನ ನಾಯಿಗೆ ಇಡ್ತಾರೇನಮ್ಮ? ನೀನು ಓದಿದೋಳು ಬೇರೆ."

"ನಾನಿಟ್ಟ ಹೆಸರಲ್ಲ ಅತ್ತೆ. ಸಾವಿರ ವರ್ಷದ ಹಿಂದೆಯೇ ನಮ್ಮ ಜಿಲ್ಲೇಲಿ ನಾಯಿಗೆ ಈ ಹೆಸರಿಟ್ಟಿದ್ರು. ಕಲ್ಲಿನಲ್ಲಿ ಕೆತ್ತಿಸಿಯೂ ಇದ್ದಾರೆ."

ನಾನು ಹೇಳಿದ್ದು ಆತಕೂರಿನ ಶಾಸನದ ಮಾತು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಸುಮಾರು ಕ್ರಿ.ಶ. 950. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಅವನ ಜೊತೆಗೆ ಗಂಗರ ಇಮ್ಮಡಿ ಬೂತುಗ ಸೇರಿ ಇಂದಿನ ತಮಿಳುನಾಡಿನ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದರು. ಚೋಳರ ರಾಜಾದಿತ್ಯ ಆ ಯುದ್ಧದಲ್ಲಿ ಮಡಿದ. ಬೂತುಗನ ಕಡೆಯ ಮಣಲೆರ ಎಂಬ ವೀರ ಅಲ್ಲಿ ಚೆನ್ನಾಗಿ ಕಾದಿದ. ಒಡೆಯ ಮೆಚ್ಚಿ "ಏನು ಬೇಕೋ ಕೇಳು" ಎಂದಾಗ ಮಣಲೆರ ಕೇಳಿದ್ದು ಚಿನ್ನವನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಹತ್ತಿರದ ಬೆಟ್ಟದಲ್ಲಿ ದೊಡ್ಡದೊಂದು ಕಾಡುಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ಹಂದಿಯೂ ನಾಯಿಯೂ ಒಂದನ್ನೊಂದು ಕೊಂದುಕೊಂಡು ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ತನ್ನ ನಾಯಿಗೆ ಕಲ್ಲು ನೆಡಿಸಿದ, ಭೂಮಿಯನ್ನೂ ಬಿಡಿಸಿದ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದು ಕಟ್ಟುಪಾಡನ್ನೂ ಬರೆಸಿದ.

ಅತ್ತೆ ಎಲ್ಲವನ್ನೂ ಕೇಳಿ, "ನಾಯಿಗೆ ಪೂಜೆ ಬೇರೆ!" ಎಂದು ನಕ್ಕು ಒಳಗೆ ಹೋದರು. ನಾವು ಯಾರನ್ನಾದರೂ ಬಯ್ಯಬೇಕಾದರೆ ನಾಯಿಬುದ್ಧಿ ಎನ್ನುತ್ತೇವೆ, ಕಷ್ಟ ಬಂದರೆ ನಾಯಿಪಾಡು ಎನ್ನುತ್ತೇವೆ. ಅದೇ ಭಾಷೆಯಲ್ಲಿ ಒಂದು ನಾಯಿಯ ಹೆಸರು ಇಬ್ಬರು ರಾಜರ ಹೆಸರಿನ ಜೊತೆಗೆ ಕಲ್ಲಿನಲ್ಲಿ ಕೂತಿದೆ.

ಈ ಶಾಸನದ ಕಥೆಯನ್ನು ನಾನು ಎಷ್ಟೋ ವರ್ಷ ಪಾಠದ ನಡುವೆ ಹೇಳಿದ್ದೇನೆ. ಆದರೆ ಮನೆಯಲ್ಲಿ ಮರಿಯೊಂದು ಓಡಾಡತೊಡಗಿದ ಮೇಲೆ ಅದುವರೆಗೆ ಹೊಳೆಯದ ಒಂದು ಪ್ರಶ್ನೆ ಹೊಳೆಯಿತು. ಆ ಕಾಳಿ ಹುಟ್ಟುತ್ತಲೇ ಬೇಟೆನಾಯಿ ಆಗಿರಲಿಲ್ಲವಲ್ಲ! ಅದಕ್ಕೂ ಕಣ್ಣು ಬಿಡದ ಕಾಲವಿತ್ತು, ರಾತ್ರಿಯೆಲ್ಲ ಕುಂಯ್‌ಗುಟ್ಟುವ ಕಾಲವಿತ್ತು. ಅದಕ್ಕೆ ಅನ್ನ ಕಲಸಿಟ್ಟವರು ಯಾರು? ಅದು ಒದ್ದೆ ಮಾಡಿದ ನೆಲ ಸಾರಿಸಿದವರು ಯಾರು? ಶಾಸನದಲ್ಲಿ ಅವರ ಹೆಸರಿಲ್ಲ. ಯಾರೋ ಹೆಂಗಸೇ ಇರಬೇಕೆಂದು ನನ್ನ ಊಹೆ. ಸಾರಿಸುವ ಕೆಲಸದವರ ಹೆಸರನ್ನು ಯಾವ ಕಲ್ಲಿನಲ್ಲಿ ಕೆತ್ತುತ್ತಾರೆ?

ನಮ್ಮ ಕಾಳಿಯ ಮೊದಲ ವಾರ ನಿದ್ದೆಗೆಟ್ಟೇ ಕಳೆಯಿತು. ತಾಯಿಯ ಮೈಬಿಸಿ ಇಲ್ಲದೆ ಅದು ಅಳುತ್ತಿತ್ತು. ನನ್ನ ಹಳೆಯ ಹತ್ತಿ ಸೀರೆಯೊಂದನ್ನು ಮಡಿಸಿ ರಟ್ಟಿನ ಪೆಟ್ಟಿಗೆಯಲ್ಲಿ ಹಾಸಿ, ಪೆಟ್ಟಿಗೆಯನ್ನು ನಮ್ಮ ಮಂಚದ ಪಕ್ಕಕ್ಕೇ ತಂದಿಟ್ಟ ಮೇಲೆ ಸುಮ್ಮನಾಯಿತು. ಪಶು ಆಸ್ಪತ್ರೆಗೆ ಒಯ್ದು ಜಂತುಹುಳುವಿಗೆ ಔಷಧಿ ಹಾಕಿಸಿದೆವು. ಡಿಸ್ಟೆಂಪರ್, ಪಾರ್ವೋ ರೋಗಗಳಿಗೆ ಚುಚ್ಚುಮದ್ದು, ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ್ದು ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಹಸುವಿನ ಹಾಲು ಒಗ್ಗದೆ ಭೇದಿಯಾಯಿತು. ಮೆತ್ತಗೆ ಬೇಯಿಸಿದ ಅನ್ನಕ್ಕೆ ಮೊಸರು, ಬೇಯಿಸಿದ ಮೊಟ್ಟೆ ಒಗ್ಗಿದವು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ ಎಂಬುದನ್ನೂ ಆಗಲೇ ತಿಳಿದುಕೊಂಡೆ.

ಇವೆಲ್ಲ ಸುಲಭವೇ. ಕಷ್ಟವಾದದ್ದು ಶಿಸ್ತು. ಮರಿ ಎಲ್ಲೆಂದರಲ್ಲಿ ಒದ್ದೆ ಮಾಡುತ್ತಿತ್ತು. ನಡುಮನೆ, ಕಾಲೊರೆಸುವ ಬಟ್ಟೆ, ಒಂದು ದಿನ ತಿದ್ದಲೆಂದು ಮನೆಗೆ ತಂದ ಉತ್ತರಪತ್ರಿಕೆಗಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಂಬಿ ಮೂವತ್ತು ವರ್ಷ ಪಾಠ ಹೇಳಿದವಳು ನಾನು. ದಿನಪತ್ರಿಕೆಯನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದೆ. ಎರಡು ಸಲ ಬೆನ್ನಿನ ಮೇಲೆ ಹೊಡೆದೆ. ಮೂರನೆಯ ಸಲ ಹೊಡೆಯಲಿಲ್ಲ, ಸುರುಳಿಯನ್ನು ಎತ್ತಿದೆ ಅಷ್ಟೆ. ಮರಿ ಕಿವಿ ಹಿಂದಕ್ಕೆಳೆದು, ಹೊಟ್ಟೆಯನ್ನು ನೆಲಕ್ಕೆ ಒತ್ತಿ, ನಾನು ನೋಡುತ್ತಿದ್ದಂತೆಯೇ ನಿಂತಲ್ಲೇ ಒದ್ದೆ ಮಾಡಿಕೊಂಡಿತು.

ನನ್ನ ಕೈ ಅಲ್ಲೇ ನಿಂತಿತು. ಈ ನೋಟವನ್ನು ಹಿಂದೆ ಒಮ್ಮೆ ನೋಡಿದ್ದೆ.

ಅದು 1997. ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಮೇಜಿನ ಮೇಲೆ ಹುಣಸೆ ಬರಲು ಇರದಿದ್ದರೆ ಪಾಠವೇ ನಡೆಯದು ಎಂದುಕೊಂಡಿದ್ದ ಕಾಲ. ಛಡಿ ಚಂ ಚಂ, ವಿದ್ಯೆ ಘಂ ಘಂ ಎಂದು ತಂದೆತಾಯಂದಿರೇ ಬಂದು ಹೇಳಿಹೋಗುತ್ತಿದ್ದರು. ಏಳನೆಯ ತರಗತಿಯ ಒಬ್ಬ ಹುಡುಗನನ್ನು ತಾಳಿಕೋಟೆ ಯುದ್ಧದ ಇಸವಿ ಕೇಳಿದೆ. ತಡವರಿಸಿದ. ಎರಡು ಬಿಟ್ಟೆ. ಮತ್ತೆ ಕೇಳಿ, ಬರಲು ಎತ್ತಿದೆ. ಅವನ ಖಾಕಿ ಚಡ್ಡಿ ಒದ್ದೆಯಾಯಿತು. ಇಡೀ ತರಗತಿ ನಕ್ಕಿತು. ನಾನು ನಗಲಿಲ್ಲ ಎಂಬುದು ನಿಜ. ಆದರೆ ನಗುವವರನ್ನು ತಡೆಯಲೂ ಇಲ್ಲ. ಅವನು ಒಂದು ವಾರ ಶಾಲೆಗೆ ಬರಲಿಲ್ಲ. ಬಂದ ಮೇಲೆ 1565 ಎಂದು ಗಟ್ಟಿಯಾಗಿ ಒಪ್ಪಿಸಿದ. ನೋಡಿ, ಏಟು ಕೆಲಸ ಮಾಡಿತು ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿದ್ದೆ.

ಆ ರಾತ್ರಿ ಮರಿ ಪೆಟ್ಟಿಗೆಯ ಮೂಲೆಗೆ ಸರಿದು ಮಲಗಿತ್ತು. ನನಗೆ ನಿದ್ದೆ ಬರಲಿಲ್ಲ. ಬಿ.ಎಡ್. ಓದಿದ ಯಾರೇ ಆಗಲಿ, ಶೈಕ್ಷಣಿಕ ಮನೋವಿಜ್ಞಾನದಲ್ಲಿ ಒಂದು ನಾಯಿಯನ್ನು ಮರೆಯುವ ಹಾಗಿಲ್ಲ. ಅದು ರಷ್ಯಾದ ಇವಾನ್ ಪಾವ್ಲೋವರ ನಾಯಿ. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಡೆದವರು ಅವರು. ಊಟಕ್ಕೆ ಮೊದಲು ಒಂದು ಶಬ್ದ ಕೇಳಿಸುತ್ತಾ ಹೋದರೆ, ಕೊನೆಗೆ ಬರಿಯ ಶಬ್ದಕ್ಕೇ ನಾಯಿಯ ಬಾಯಲ್ಲಿ ಜೊಲ್ಲು ಬರುತ್ತದೆ. ಇದನ್ನು ನಾನು ಹತ್ತು ಅಂಕಗಳಿಗೆ ಬರೆದು ಪಾಸಾದವಳು. ನನ್ನ ಮನೆಯ ಮರಿಗೆ ನಾನೇ ಪಾವ್ಲೋವನ ಪಾಠ ಮಾಡಿದ್ದೆ. ವ್ಯತ್ಯಾಸವಿಷ್ಟೆ: ಅದಕ್ಕೆ ನಾನು ಕಲಿಸಿದ್ದು ಊಟದ ಆಸೆಯನ್ನಲ್ಲ, ಕಾಗದದ ಸುರುಳಿಯ ಭಯವನ್ನು. ಒದ್ದೆ ಮಾಡುವ ಜಾಗ ಯಾವುದೆಂದು ಕಲಿಸಿಯೇ ಇರಲಿಲ್ಲ.

ಪಾವ್ಲೋವರ ನಾಯಿಗಳ ಇನ್ನೊಂದು ಕಥೆಯಿದೆ. 1924ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡ್ ನಗರಕ್ಕೆ ದೊಡ್ಡ ಪ್ರವಾಹ ಬಂತು. ನಾಯಿಗಳ ಗೂಡುಗಳಿಗೆ ನೀರು ನುಗ್ಗಿ, ಅವು ಮೂತಿಯನ್ನಷ್ಟೇ ಮೇಲಿಟ್ಟು ಈಜುತ್ತಿದ್ದವು. ಗೂಡಿನ ಬಾಗಿಲು ಕೆಳಗೆ ಇದ್ದದ್ದರಿಂದ ಅವನ್ನು ನೀರಿನೊಳಕ್ಕೆ ಎಳೆದೇ ಹೊರಗೆ ತರಬೇಕಾಯಿತು. ಜೀವ ಉಳಿಯಿತು. ಆದರೆ ಆಮೇಲೆ ನೋಡಿದರೆ ಕೆಲವು ನಾಯಿಗಳು ಅದುವರೆಗೆ ಕಲಿತದ್ದನ್ನೆಲ್ಲ ಮರೆತಿದ್ದವು. ಸುಧಾರಿಸಿಕೊಂಡ ಒಂದು ನಾಯಿಯ ಕೋಣೆಗೆ ಬಾಗಿಲ ಕೆಳಗಿನಿಂದ ಸ್ವಲ್ಪ ನೀರು ಹರಿಸಿದ್ದೇ ತಡ, ಅದು ಮತ್ತೆ ಗಾಬರಿಬಿದ್ದಿತು. ಭಯ ಕಲಿಕೆಯನ್ನು ತೊಳೆದುಕೊಂಡು ಹೋಗುತ್ತದೆ. ತಾನು ಮಾತ್ರ ಉಳಿಯುತ್ತದೆ.

ಅಮೆರಿಕದ ಥಾರ್ನ್‌ಡೈಕ್ ಕೂಡ ಬಿ.ಎಡ್.ನವರಿಗೆ ಹಳೆಯ ಪರಿಚಯ. ಬಹುಮಾನವೂ ಶಿಕ್ಷೆಯೂ ಕಲಿಕೆಗೆ ಸಮಾನ ಬಲದವು ಎಂದು ಮೊದಲು ಹೇಳಿದವರು, 1932ರ ಹೊತ್ತಿಗೆ ಆ ಮಾತನ್ನು ತಾವೇ ತಿದ್ದಿಕೊಂಡರು. ಶಿಕ್ಷೆಯ ಬಲ ತಾವೆಣಿಸಿದಷ್ಟಿಲ್ಲ ಎಂದರು. ನಾಯಿ ಪಳಗಿಸುವವರ ಇತಿಹಾಸವೂ ಹೀಗೇ ನಡೆದಿದೆ. 1910ರಲ್ಲಿ ಜರ್ಮನಿಯ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ ಬರೆದ ಪ್ರಸಿದ್ಧ ಕೈಪಿಡಿಯಲ್ಲಿ ಬಲವಂತಕ್ಕೆ ದೊಡ್ಡ ಜಾಗವಿತ್ತು. 1951ರಲ್ಲಿ ಸ್ಕಿನ್ನರ್ ಬರೆದ ಲೇಖನವೊಂದರಲ್ಲಿ ನಾಯಿಗೆ ಕಲಿಸಲು ಬೇಕಾದದ್ದು ಒಂದು ತುಣುಕು ತಿಂಡಿ, 'ಟಕ್' ಎನ್ನುವ ಒಂದು ಪುಟ್ಟ ಆಟಿಕೆ, ಮತ್ತು ಸರಿಯಾದ ಕ್ಷಣಕ್ಕೆ ಕಾಯುವ ತಾಳ್ಮೆ.

ಮರುದಿನದಿಂದ ಪತ್ರಿಕೆಯನ್ನು ಓದುವುದಕ್ಕಷ್ಟೇ ಬಳಸಿದೆ. ಮರಿ ನಿದ್ದೆಯಿಂದ ಎದ್ದ ಕೂಡಲೇ, ಉಂಡ ಕೂಡಲೇ, ಆಡಿ ಮುಗಿಸಿದ ಕೂಡಲೇ ಎತ್ತಿಕೊಂಡು ಹಿತ್ತಲಿನ ನುಗ್ಗೆಮರದ ಕೆಳಗೆ ಬಿಡುತ್ತಿದ್ದೆ. ಅಲ್ಲಿ ಕೆಲಸ ಮುಗಿಸಿದ ಕ್ಷಣವೇ "ಜಾಣೆ!" ಎಂದು ಚೂರು ಬಿಸ್ಕತ್ತು ಕೊಡುತ್ತಿದ್ದೆ. ಆ ಕ್ಷಣವೇ ಕೊಡಬೇಕು. ಒಳಗೆ ಬಂದ ಮೇಲೆ ಕೊಟ್ಟರೆ, ಒಳಗೆ ಬಂದದ್ದಕ್ಕೆ ಕೊಟ್ಟರು ಎಂದುಕೊಳ್ಳುತ್ತದೆ. ಮನೆಯೊಳಗೆ ತಪ್ಪಿದರೆ ಮಾತಿಲ್ಲದೆ ಒರೆಸಿ, ವಾಸನೆ ಉಳಿಯದಂತೆ ತೊಳೆಯುತ್ತಿದ್ದೆ. ಹಲ್ಲು ಬರುವ ಕಾಲಕ್ಕೆ ಚಪ್ಪಲಿ ಕಚ್ಚಿದಾಗ ಬಯ್ಯುವ ಬದಲು ಚಪ್ಪಲಿಯನ್ನು ಮೇಲಿಟ್ಟು, ಗಂಟು ಹಾಕಿದ ಹಳೆಯ ಟವೆಲು ಕೊಟ್ಟೆ. ನಾಲ್ಕೂವರೆ ತಿಂಗಳಿಗೆ ಕಾಳಿ ತಾನಾಗಿಯೇ ಹಿತ್ತಲ ಬಾಗಿಲ ಬಳಿ ಹೋಗಿ ಕೂತು ನನ್ನ ಮುಖ ನೋಡತೊಡಗಿತು. ಆ ಸುರುಳಿಯ ಭಯ ಮಾತ್ರ ಹೋಗಲು ಇನ್ನೂ ಬಹಳ ದಿನ ಹಿಡಿಯಿತು. ನಮ್ಮ ಯಜಮಾನರು ಬೆಳಿಗ್ಗೆ ಪತ್ರಿಕೆ ಮಡಿಸಿದರೆ ಮಂಚದ ಕೆಳಗೆ ನುಗ್ಗುತ್ತಿತ್ತು. ಎರಡು ಏಟಿನ ಸಾಲವನ್ನು ತಿಂಗಳುಗಟ್ಟಲೆ ತೀರಿಸಬೇಕಾಯಿತು.

ಅತ್ತೆಯೂ ಬದಲಾದರು. ಈಗ ಅವರು ತಟ್ಟೆಯ ಮುಂದೆ ಕೂತು, "ಕಾಳಿಗೆ ಹಾಕಿದೆಯೇನಮ್ಮ?" ಎಂದು ಕೇಳದೆ ತುತ್ತೆತ್ತುವುದಿಲ್ಲ. ಆತಕೂರಿನ ಕಟ್ಟುಪಾಡು ನಮ್ಮ ಮನೆಯಲ್ಲಿ ತಾನಾಗಿಯೇ ಜಾರಿಗೆ ಬಂದಿದೆ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಮಕ್ಕಳಿಗೆ ಹೊಡೆಯುವುದನ್ನು ನಾನು ಬಿಟ್ಟು ವರ್ಷಗಳೇ ಆಗಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. 2010ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ನಾನು ಬರಲನ್ನು ಮುರಿದು ಒಲೆಗೆ ಹಾಕಿದ್ದು ಆಗ, ಕಾನೂನಿಗೆ ಹೆದರಿ. ಅಂದರೆ ನನಗೂ ಬುದ್ಧಿ ಬಂದದ್ದು ಏಟಿನ ಭಯದಿಂದಲೇ ಹೊರತು ತಿಳಿವಳಿಕೆಯಿಂದಲ್ಲ. "ಆ ಕಾಲವೇ ಚೆನ್ನಾಗಿತ್ತು" ಎಂದು ಮನಸ್ಸಿನ ಮೂಲೆಯಲ್ಲಿ ಅನ್ನಿಸುತ್ತಲೇ ಇತ್ತು. ಆ ಮೂಲೆಯನ್ನು ಸಾರಿಸಿದ್ದು ಕಾಳಿ.

ಆ ಹುಡುಗ ಈಗ ನಮ್ಮ ಊರಿನಲ್ಲೇ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಕಂಡಾಗಲೆಲ್ಲ ಎದ್ದು ನಿಂತು ನಮಸ್ಕಾರ ಮಾಡುತ್ತಾನೆ. ಕಳೆದ ತಿಂಗಳು ಬೇವಿನ ಹಿಂಡಿ ತರಲು ಹೋದವಳು ಧೈರ್ಯ ಮಾಡಿ, "ಆವತ್ತು ನಿನಗೆ ಹೊಡೆದದ್ದು ತಪ್ಪಾಯ್ತಪ್ಪ" ಎಂದೆ.

"ಅಯ್ಯೋ, ಬಿಡಿ ಮಿಸ್! ನೀವು ಹೊಡೆದಿದ್ದಕ್ಕೇ ನಾವು ಮನುಷ್ಯರಾದದ್ದು. 1565. ಇವತ್ತಿಗೂ ಮರೆತಿಲ್ಲ ನೋಡಿ."

"ಆ ವರ್ಷ ಏನಾಯ್ತು, ಹೇಳು?"

ಅವನು ತಲೆ ಕೆರೆದುಕೊಂಡು ನಕ್ಕ. "ಅದು ಜ್ಞಾಪಕ ಇಲ್ಲ ಮಿಸ್. ಇಸವಿ ಒಂದೇ ಜ್ಞಾಪಕ ಇರೋದು."

ಹಿಂಡಿ ತೂಗಿ, ಚೀಲದ ಬಾಯಿ ಕಟ್ಟುತ್ತಾ, ನನ್ನ ಕಡೆ ನೋಡದೆ ಮೆಲ್ಲಗೆ ಹೇಳಿದ: "ನನ್ನ ಮಗಳು ಬರೋ ಜೂನ್‌ಗೆ ನಿಮ್ಮ ಕ್ಲಾಸಿಗೆ ಬರ್ತಾಳೆ ಮಿಸ್. ಸ್ವಲ್ಪ ಪುಕ್ಕಲು. ಅವಳಿಗೆ ಮಾತ್ರ ಗದರಿಸಬೇಡಿ."

ಚೀಲ ಹಿಡಿದು ಮನೆಗೆ ಬಂದೆ. ಕಾಳಿ ಗೇಟಿನ ತನಕ ಓಡಿಬಂದು ಕಾಲಿಗೆ ಸುತ್ತಿಕೊಂಡಿತು. ತಾಳಿಕೋಟೆಯ ಪಾಠವನ್ನು ಈ ಸಲ ಹೇಗೆ ಶುರು ಮಾಡಬೇಕೆಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಇಸವಿಯಿಂದಂತೂ ಅಲ್ಲ.