ನಾಡದೋಣಿಯ ಎಂಜಿನ್ನಿಗೆ ಯಾವ ಎಣ್ಣೆ? ಟೂ-ಸ್ಟ್ರೋಕ್ ಔಟ್‌ಬೋರ್ಡ್‌ನಲ್ಲಿ ಸಿಂಥೆಟಿಕ್ ಮತ್ತು ಖನಿಜ ತೈಲಗಳ ವಿವೇಚನೆ

ಕರ್ನಾಟಕದ ಕರಾವಳಿಯಲ್ಲಿ ನಾಡದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ ಬಹುಕಾಲದಿಂದ ಟೂ-ಸ್ಟ್ರೋಕ್ ಜಾತಿಯದು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯೇರಿದ ಮೇಲೆ ಸೀಮೆಎಣ್ಣೆಗೆ ಬದಲಾಯಿಸಿ ಓಡಿಸುವುದು ಇಲ್ಲಿಯ ರೂಢಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ದಡದಲ್ಲಿ ನಿಂತಿರುವಾಗ 10 ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗಳು ಕಡಲಿಗಿಳಿಯಬಹುದು. ಹಾಗಾಗಿ ಈ ಎಂಜಿನ್‌ಗಳ ದುಡಿಮೆ ಹೆಚ್ಚುವುದು ಉಪ್ಪುನೀರು, ಮಳೆ, ಅಲೆಯ ಅಬ್ಬರ ಎಲ್ಲವೂ ಒಟ್ಟಾಗಿ ಬಂದೆರಗುವ ಕಾಲದಲ್ಲಿ. ಇಂಥ ಎಂಜಿನ್ನಿಗೆ ದುಬಾರಿ ಸಿಂಥೆಟಿಕ್ ಎಣ್ಣೆ ಬೇಕೇ, ಸಾಧಾರಣ ಖನಿಜ ತೈಲ ಸಾಕೇ ಎಂಬ ಪ್ರಶ್ನೆ ಮೀನುಗಾರರ ನಡುವೆ ಮತ್ತೆ ಮತ್ತೆ ಏಳುತ್ತದೆ. ಆದರೆ ಅದಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಬೇರೆಯಿದೆ. ಅದು ಎಣ್ಣೆಯ ದರ್ಜೆಯದು. ದರ್ಜೆ ತಪ್ಪಿದರೆ ಸಿಂಥೆಟಿಕ್ ಎಂಬ ಗುಣ ಎಂಜಿನ್ನನ್ನು ಉಳಿಸಲಾರದು ಎಂಬುದು ಈ ಲೇಖನದ ವಾದ.

ಕಾರು, ಲಾರಿಗಳ ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆ ತಿಂಗಳುಗಟ್ಟಲೆ ಅದೇ ಸಂಪಿನಲ್ಲಿ ಸುತ್ತುತ್ತಿರುತ್ತದೆ. ಬಿಸಿಗೂ ಗಾಳಿಗೂ ಸಿಕ್ಕಿ ಅದು ಆಕ್ಸಿಡೀಕರಣಗೊಂಡು ಕೆಡುತ್ತದೆ. ಬೇಗ ಕೆಡದಿರುವುದು ಸಿಂಥೆಟಿಕ್ ಎಣ್ಣೆಯ ದೊಡ್ಡ ಹಿರಿಮೆ. ಟೂ-ಸ್ಟ್ರೋಕ್‌ನಲ್ಲಿ ಈ ಹಿರಿಮೆಗೆ ಅವಕಾಶವೇ ಕಡಿಮೆ. ಇಂಧನದೊಂದಿಗೆ ಬೆರೆತ ಎಣ್ಣೆ ಕ್ರ್ಯಾಂಕ್‌ಕೇಸಿಗೆ ಬರುತ್ತದೆ, ಇಂಧನ ಆವಿಯಾದ ಮೇಲೆ ಬೇರಿಂಗು ಮತ್ತು ಸಿಲಿಂಡರಿನ ಮೇಲೆ ಪದರವಾಗಿ ಉಳಿಯುತ್ತದೆ, ಬಳಿಕ ಉರಿದೋ ಹೊಗೆಯೊಂದಿಗೋ ಹೊರಗೆ ಹೋಗುತ್ತದೆ. ಅದಕ್ಕೆ ಎರಡನೆಯ ಸುತ್ತು ಇಲ್ಲ. ಆದ್ದರಿಂದ ಇಲ್ಲಿ ಎಣ್ಣೆಯನ್ನು ಅಳೆಯುವ ಮಾನದಂಡಗಳೇ ಬೇರೆ: ಪದರ ಎಷ್ಟು ಗಟ್ಟಿ, ಉರಿದ ಮೇಲೆ ಏನು ಉಳಿಯುತ್ತದೆ, ತುಕ್ಕನ್ನು ಎಷ್ಟು ತಡೆಯುತ್ತದೆ.

ಉರಿದ ಮೇಲೆ ಉಳಿಯುವುದರ ವಿಷಯ ತುಸು ವಿಸ್ತಾರವಾಗಿ ನೋಡತಕ್ಕದ್ದು. ಸ್ಕೂಟರ್, ಆಟೊಗಳಿಗೆಂದು ಪೆಟ್ರೋಲ್ ಬಂಕುಗಳಲ್ಲಿ ಸಿಗುತ್ತ ಬಂದಿರುವ ಟೂಟಿ ಆಯಿಲ್ ಗಾಳಿಯಿಂದ ತಂಪಾಗುವ ಎಂಜಿನ್ನಿಗಾಗಿ ರೂಪಿಸಿದ್ದು. ಅದರ ಡಬ್ಬಿಯ ಮೇಲೆ ಜಾಸೊ ಎಫ್‌ಬಿ, ಎಫ್‌ಸಿ ಅಥವಾ ಎಫ್‌ಡಿ ಎಂಬ ಜಪಾನೀ ದರ್ಜೆ ಇರುತ್ತದೆ. ಗಾಳಿ ತಂಪಿನ ಪಿಸ್ಟನ್ ವಿಪರೀತ ಕಾಯುವುದರಿಂದ ಅದನ್ನು ಶುಚಿಯಾಗಿಡಲು ಈ ಎಣ್ಣೆಗಳಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂನಂಥ ಲೋಹದ ಡಿಟರ್ಜೆಂಟ್ ಸೇರಿಸುತ್ತಾರೆ. ಲೋಹ ಉರಿದರೆ ಬೂದಿ. ಔಟ್‌ಬೋರ್ಡ್ ನೀರಿನಿಂದ ತಂಪಾಗುವ ಎಂಜಿನ್; ಬಲೆ ಬಿಡುವ ಜಾಗಕ್ಕೆ ಹೋಗುವಾಗ ಪೂರ್ತಿ ಥ್ರಾಟಲ್‌ನಲ್ಲಿ ಬಹಳ ಹೊತ್ತು ಓಡುತ್ತದೆ, ಬಲೆ ಬಿಡುವಾಗ ನಿಧಾನಗತಿಯಲ್ಲಿ ಗುರುಗುಡುತ್ತದೆ. ಈ ಏರಿಳಿತದಲ್ಲಿ ಬೂದಿ ದಹನಕೋಶಕ್ಕೂ ಪ್ಲಗ್ಗಿಗೂ ಮೆತ್ತಿಕೊಳ್ಳುತ್ತದೆ. ಮೆತ್ತಿದ ಬೂದಿ ಕೆಂಡದಂತೆ ಕಾದರೆ ಕಿಡಿ ಹಾರುವ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ತೂತಾಗುವವರೆಗೂ ಹಾನಿ ಮುಟ್ಟಬಹುದು. ಔಟ್‌ಬೋರ್ಡ್ ಎಣ್ಣೆಯಲ್ಲಿ ಲೋಹದ ಬದಲು ಸಾರಜನಕ ಮೂಲದ, ಬೂದಿ ಬಿಡದ ಶುಚಿಕಾರಕಗಳನ್ನು ಬಳಸುವುದು ಈ ಕಾರಣಕ್ಕೆ.

ಅಮೆರಿಕದ ನ್ಯಾಷನಲ್ ಮರೀನ್ ಮ್ಯಾನುಫ್ಯಾಕ್ಚರರ್ಸ್ ಅಸೋಸಿಯೇಷನ್ 1990ರ ದಶಕದ ಆರಂಭದಲ್ಲಿ ತಂದ ಟಿಸಿ-ಡಬ್ಲ್ಯೂ3 ಎಂಬ ದರ್ಜೆ ಇಂಥ ಎಣ್ಣೆಗೆ ಸಲ್ಲುವುದು. ನಿಜವಾದ ಔಟ್‌ಬೋರ್ಡ್ ಎಂಜಿನ್‌ಗಳನ್ನು ದೀರ್ಘಕಾಲ ಓಡಿಸಿ ರಿಂಗ್ ಅಂಟಿಕೊಳ್ಳುವುದನ್ನೂ ಪಿಸ್ಟನ್ನಿನ ಕಾರ್ಬನ್ನನ್ನೂ ಪರೀಕ್ಷಿಸುತ್ತಾರೆ. ಜೊತೆಗೆ ತುಕ್ಕು, ಚಳಿಯಲ್ಲಿ ಹರಿಯುವ ಗುಣ, ಇಂಧನದಲ್ಲಿ ಬೆರೆಯುವ ಗುಣ, ಇತರ ಎಣ್ಣೆಗಳೊಂದಿಗೆ ಹೊಂದಾಣಿಕೆ ಇವೂ ಪರೀಕ್ಷೆಗೊಳಗಾಗುತ್ತವೆ. ಎಣ್ಣೆಯ ಮೂಲ ಖನಿಜವೋ ಸಿಂಥೆಟಿಕ್ಕೋ ಎಂಬುದನ್ನು ಈ ದರ್ಜೆ ವಿಧಿಸುವುದಿಲ್ಲ. ಪಾಸಾದ ಎಣ್ಣೆಗಳಲ್ಲಿ ಎರಡೂ ಬಗೆಯವಿವೆ. ನಮ್ಮ ಚರ್ಚೆಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ. ಈ ದರ್ಜೆಯ ಒಂದು ಎಣ್ಣೆಯಿಂದ ಅದೇ ದರ್ಜೆಯ ಇನ್ನೊಂದಕ್ಕೆ ಬದಲಾಯಿಸಿದರೆ ಎಂಜಿನ್ ಕೆಟ್ಟೀತೆಂಬ ಅಂಜಿಕೆಗೂ, ಹೊಂದಾಣಿಕೆಯ ಪರೀಕ್ಷೆ ಇರುವುದರಿಂದ, ಆಧಾರ ಕಡಿಮೆ.

ಇನ್ನು ಸಿಂಥೆಟಿಕ್ ಎಂಬ ಹಣೆಪಟ್ಟಿ. ಪಾಲಿಆಲ್ಫಾಓಲಿಫಿನ್, ಎಸ್ಟರ್‌ಗಳಂಥವನ್ನು ರಾಸಾಯನಿಕವಾಗಿ ಕಟ್ಟಿ ತಯಾರಿಸುತ್ತಾರೆ; ಇವು ನಿಸ್ಸಂದೇಹವಾಗಿ ಸಿಂಥೆಟಿಕ್. ಆದರೆ 1999ರಲ್ಲಿ ಅಮೆರಿಕದ ನ್ಯಾಷನಲ್ ಅಡ್ವರ್ಟೈಸಿಂಗ್ ಡಿವಿಷನ್, ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವಿನ ವಿವಾದದಲ್ಲಿ, ಕಚ್ಚಾತೈಲವನ್ನು ಹೈಡ್ರೋಜನ್ನಿನಿಂದ ತೀವ್ರವಾಗಿ ಸಂಸ್ಕರಿಸಿದ ಎಣ್ಣೆಯನ್ನೂ ಹಾಗೆ ಜಾಹೀರಾತು ಮಾಡಬಹುದೆಂದಿತು. ಅಂದಿನಿಂದ ಡಬ್ಬಿಯ ಮೇಲಿನ ಆ ಒಂದು ಹೆಸರನ್ನು ನೋಡಿ ಒಳಗಿನ ರಸಾಯನವನ್ನು ಊಹಿಸಲಾಗುವುದಿಲ್ಲ.

ಹಾಗೆಂದು ಸಿಂಥೆಟಿಕ್‌ನ ಗುಣ ಬರಿಯ ಪ್ರಚಾರವಲ್ಲ. ಎಸ್ಟರ್ ಅಣುಗಳು ಧ್ರುವೀಯವಾದ್ದರಿಂದ ಲೋಹಕ್ಕೆ ಅಂಟಿಕೊಂಡು ನಿಲ್ಲುತ್ತವೆ. ಖನಿಜ ಎಣ್ಣೆಗೆ ದಪ್ಪ ಕೊಡುವ ಬ್ರೈಟ್‌ಸ್ಟಾಕ್ ಪೂರ್ತಿ ಉರಿಯದೆ ಹೊಗೆಯನ್ನೂ ಕಾರ್ಬನ್ನನ್ನೂ ಹೆಚ್ಚಿಸುತ್ತದೆ. ಅದರ ಜಾಗದಲ್ಲಿ ಪಾಲಿಐಸೊಬ್ಯುಟಿಲೀನ್ ಎಂಬ ಸಿಂಥೆಟಿಕ್ ಪದಾರ್ಥ ಬಳಸಿದರೆ ಹೊಗೆ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಎವಿನ್‌ರೂಡ್ ಕಂಪನಿಯ ಇ-ಟೆಕ್ ಎಂಜಿನ್ ಇದಕ್ಕೆ ಒಳ್ಳೆಯ ನಿದರ್ಶನ. ನೇರ ಇಂಧನ ಚುಚ್ಚುವಿಕೆಯ ಆ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಎಕ್ಸ್‌ಡಿ100 ಎಂಬ ಸಿಂಥೆಟಿಕ್ ಎಣ್ಣೆ ಬಳಸುವುದಾದರೆ ಎಣ್ಣೆಯ ಪ್ರಮಾಣವನ್ನು ತಗ್ಗಿಸುವಂತೆ ಕಂಪ್ಯೂಟರನ್ನು ಹೊಂದಿಸಬಹುದಿತ್ತು. 2020ರಲ್ಲಿ ಆ ಎಂಜಿನ್‌ಗಳ ತಯಾರಿಕೆಯೇ ನಿಂತಿತು. ಸಿಂಥೆಟಿಕ್‌ನ ಪೂರ್ಣ ಲಾಭ ಸಿಕ್ಕಿದ್ದು ಎಂಜಿನ್ನನ್ನೇ ಅದಕ್ಕೆ ತಕ್ಕಂತೆ ರೂಪಿಸಿದಲ್ಲಿ. ಕಾರ್ಬ್ಯುರೇಟರಿನ ನಮ್ಮ ಎಂಜಿನ್‌ಗಳಲ್ಲಿ ಅಂಥ ಏರ್ಪಾಡಿಲ್ಲ. ಎಣ್ಣೆ ಒಳ್ಳೆಯದೆಂದು ಮಿಶ್ರಣದಲ್ಲಿ ಅದನ್ನು ಕಡಿಮೆ ಮಾಡುವವರು ಎಂಜಿನ್ ಸೀಜ್ ಆಗುವ ಅಪಾಯವನ್ನು ಕೈಯಾರೆ ತಂದುಕೊಳ್ಳುತ್ತಾರೆ.

ಸೀಮೆಎಣ್ಣೆ ಈ ಲೆಕ್ಕವನ್ನು ಮತ್ತಷ್ಟು ಜಟಿಲವಾಗಿಸುತ್ತದೆ. ಪೆಟ್ರೋಲಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಕುದಿಯುವ ಅದು ಕ್ರ್ಯಾಂಕ್‌ಕೇಸಿನಲ್ಲಿ ಪೂರ್ತಿ ಆವಿಯಾಗದೆ ಎಣ್ಣೆಯ ಪದರದಲ್ಲೇ ಉಳಿದು ಅದನ್ನು ತೆಳುವಾಗಿಸುತ್ತದೆ. ಅದರ ಆಕ್ಟೇನ್ ಕಡಿಮೆ, ಕಾರ್ಬನ್ ಕಟ್ಟುವ ಪ್ರವೃತ್ತಿ ಹೆಚ್ಚು. ಹೀಗಾಗಿ ಎಂಜಿನ್ ನಿಲ್ಲಿಸುವ ಮುನ್ನ ಸ್ವಲ್ಪ ಹೊತ್ತು ಪೆಟ್ರೋಲಿನಲ್ಲಿ ಓಡಿಸಿ ಒಳಗಿನ ಸೀಮೆಎಣ್ಣೆಯನ್ನು ತೊಳೆದುಹಾಕುವ ಕ್ರಮ, ಎಣ್ಣೆ ಯಾವುದೇ ಇರಲಿ, ಬಿಡಕೂಡದು. ದುಬಾರಿ ಎಣ್ಣೆ ಕೊಂಡು ಈ ಕ್ರಮವನ್ನು ಕೈಬಿಡುವುದಕ್ಕಿಂತ ಸಾಧಾರಣ ಟಿಸಿ-ಡಬ್ಲ್ಯೂ3 ಎಣ್ಣೆ ಬಳಸಿ ಇದನ್ನು ತಪ್ಪದೆ ಪಾಲಿಸುವುದೇ ಮೇಲೆಂದು ನನ್ನ ದೃಢ ಅಭಿಪ್ರಾಯ.

ಖರ್ಚಿನ ಲೆಕ್ಕ ಸರಳ. ಒಂದಕ್ಕೆ ಐವತ್ತರ ಮಿಶ್ರಣವೆಂದರೆ ಲೀಟರಿಗೆ 20 ಮಿಲಿಲೀಟರ್ ಎಣ್ಣೆ. ಎಣ್ಣೆಯ ಬೆಲೆ ಇಂಧನದ ನಾಲ್ಕು ಪಟ್ಟಿದ್ದರೆ ಎಣ್ಣೆಗೆ ತಗಲುವುದು ಇಂಧನದ ಖರ್ಚಿನ ಶೇ. 8; ಎರಡು ಪಟ್ಟು ಬೆಲೆಯ ಸಿಂಥೆಟಿಕ್ ಕೊಂಡರೆ ಶೇ. 16. ಇಂಧನ ಸಬ್ಸಿಡಿಯ ಅಗ್ಗದ ಸೀಮೆಎಣ್ಣೆಯಾಗಿದ್ದರೆ ಈ ಪಾಲು ಇನ್ನೂ ಏರುತ್ತದೆ. ದಿನದ ಮೀನುಬೇಟೆಯನ್ನು ನಂಬಿದ ಮನೆಗೆ ಇದು ಸಣ್ಣ ಹೊರೆಯಲ್ಲ.

ಆದರೆ ಅಳಿವೆಗಳ ಮಾತು ಬಂದಾಗ ತೂಕ ಬೇರೆ ಕಡೆಗೆ ವಾಲುತ್ತದೆ. ಕಾರ್ಬ್ಯುರೇಟರಿನ ಟೂ-ಸ್ಟ್ರೋಕ್ ಎಂಜಿನ್ ತಾನು ಸೇವಿಸುವ ಇಂಧನದ ಸುಮಾರು ಕಾಲು ಭಾಗವನ್ನು ಉರಿಸದೆಯೇ ಹೊರಹಾಕುತ್ತದೆ, ಅದರೊಂದಿಗೆ ಎಣ್ಣೆಯನ್ನೂ. ಅಮೆರಿಕದ ಟಾಹೋ ಸರೋವರದಲ್ಲಿ 1999ರಲ್ಲಿ ಇಂಥ ಎಂಜಿನ್‌ಗಳನ್ನು ನಿರ್ಬಂಧಿಸಿದ್ದು ಇದೇ ಕಾರಣಕ್ಕೆ. 2024ರಲ್ಲಿ ರಾಮ್ಸಾರ್ ತಾಣವಾದ ಅಘನಾಶಿನಿ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಿ ಬದುಕುವ ಕುಟುಂಬಗಳಿವೆ. ನೀರನ್ನು ಸೋಸಿ ತಿನ್ನುವ ಬಳಚಿಗೆ ನೀರಿನಲ್ಲಿ ಏನಿದೆಯೋ ಅದೇ ಆಹಾರ. ಬೇಗ ಜೈವಿಕವಾಗಿ ಕೊಳೆಯುವ ಎಸ್ಟರ್ ಮೂಲದ ಎಣ್ಣೆಯ ಹೆಚ್ಚುವರಿ ಬೆಲೆಗೆ ಇಂಥ ಕಡೆ ನ್ಯಾಯವಾದ ಸಮರ್ಥನೆಯಿದೆ. ಅದನ್ನು ಮೀನುಗಾರನೊಬ್ಬನ ಕಿಸೆಯಿಂದಲೇ ವಸೂಲಿ ಮಾಡುವುದು ಮಾತ್ರ ನ್ಯಾಯವಲ್ಲ. ಮೀನುಗಾರರ ಸಹಕಾರ ಸಂಘಗಳು ಟಿಸಿ-ಡಬ್ಲ್ಯೂ3 ಎಣ್ಣೆಯನ್ನು ಸಗಟಾಗಿ ಕೊಂಡು ತಮ್ಮ ಮಳಿಗೆಗಳಲ್ಲೇ ಮಾರಲಿ. ಇಂಧನಕ್ಕೆ ಸಬ್ಸಿಡಿ ಕೊಡುವ ಸರ್ಕಾರ ಅಳಿವೆಗಳಲ್ಲಿ ದುಡಿಯುವ ದೋಣಿಗಳ ಎಸ್ಟರ್ ಎಣ್ಣೆಗೂ ಅದನ್ನು ವಿಸ್ತರಿಸಲಿ.